ಗೂಳಿದಿನ್ನೆ ಏರಿಸಿದ ದಾವಲಬಿ

ಬಲು ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಬೇಡಿ, ಹೇಳಿದವರಿಗೂ ಗೊತ್ತಿರಲಿಲ್ಲ. ಎರಿಹಾಳ ಅನ್ನುವ ಊರಿನಲ್ಲಿ ದಾವಲಬಿ ಅನ್ನುವ ಹೆಣ್ಣುಮಗಳಿದ್ದಳಂತೆ. ಅವಳ ಗಂಡ ಮೀರಾಸಾಬ ದೇಸಾಯರ ಮೋಟಾರು ಓಡಿಸುತ್ತಿದ್ದನಂತೆ. ದೇಸಾಯರು ಊರು ಬಿಟ್ಟರು, ಮೋಟಾರು ಉಳಿಯಿತು. ಮೀರಾಸಾಬ ಜ್ವರ ಬಂದು ತೀರಿಕೊಂಡ, ಆಗಲೂ ಮೋಟಾರು ಉಳಿಯಿತು. ಗಂಡ ಗಾಡಿಯ ಕೆಳಗೆ ಮಲಗಿ ಕೈ ಚಾಚಿದಾಗ ನಟ್ಟು ಬಿಚ್ಚುವ ಪಾನೆ ಕೊಟ್ಟೂ ಕೊಟ್ಟೂ ದಾವಲಬಿಗೆ ಅದರ ಕರುಳೆಲ್ಲ ಗೊತ್ತಾಗಿತ್ತು. ಹ್ಯಾಂಡಲ್ ಹೊಡೆದು ತಾನೇ ಚಾಲೂ ಮಾಡಿದಳು. ಹೆಣ್ಣು ಮೋಟಾರು ಮುಟ್ಟಿದರೆ ಮಳೆ ಹೋಗುತ್ತದೆ ಅಂದರಂತೆ ಕೆಲವರು. ಆ ವರ್ಷ ಮಳೆ ಚೆನ್ನಾಗಿಯೇ ಬಂತಂತೆ.

ಹೀಗಿರುವಾಗ ಒಂದು ಬೇಸಗೆಯಲ್ಲಿ ಹುಚ್ಚು ತೋಳವೊಂದು ಊರಿಗೆ ನುಗ್ಗಿತು. ಕಣದಲ್ಲಿ ಆಡುತ್ತಿದ್ದ ಮಕ್ಕಳನ್ನು ಕಚ್ಚಿತು. ಒಬ್ಬ ಹುಡುಗನಿಗೆ ಬೇರು ಅರೆದು ಕುಡಿಸಿದರು, ನೀರು ಕಂಡರೆ ಚೀರಿ ಚೀರಿ ಅವನು ಸತ್ತ. ಉಳಿದ ಐದು ಮಕ್ಕಳನ್ನು ದಿನ ತಪ್ಪಿಸದೆ ಸೂಜಿಗೆ ಕರೆತನ್ನಿ ಅಂದರು ದವಾಖಾನೆಯವರು. ದವಾಖಾನೆ ಇದ್ದದ್ದು ಗೂಳಿದಿನ್ನೆಯ ಆಚೆ. ಎತ್ತಿನ ಬಂಡಿಯಲ್ಲಿ ಹೋದರೆ ಬರುವುದರೊಳಗೆ ಮರುದಿನದ ಹೊತ್ತು ಹುಟ್ಟುತ್ತಿತ್ತು. ದಾವಲಬಿ ಮಕ್ಕಳನ್ನು ಮೋಟಾರಿನಲ್ಲಿ ಕೂರಿಸಿಕೊಂಡಳು. ದಿನಾ ಹೋದಳು, ದಿನಾ ಬಂದಳು.

ಒಂದು ಬೆಳಿಗ್ಗೆ ದಿನ್ನೆಯ ನಡುವೆ ಎಂಜಿನ್ ಗೂಳಿಯ ಹಾಗೆ ಹೂಂಕರಿಸಿತು. ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಕಾಲು ಒತ್ತಿದಷ್ಟೂ ಕೂಗು ಹೆಚ್ಚಿತು, ಓಟ ಕಡಿಮೆಯಾಯಿತು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ರೈತ ಹೊನ್ನಪ್ಪ ನಿಟ್ಟುಸಿರುಬಿಟ್ಟ.

"ಎಂಜಿನ್ನಿಗೆ ವಯಸ್ಸಾತವ್ವಾ. ಇಷ್ಟು ದಿನ ಎಳದದ್ದೇ ಹೆಚ್ಚು."

"ವಯಸ್ಸಾದವರು ಹಿಂಗ ಕೂಗಂಗಿಲ್ಲ ಕಾಕಾ," ಅಂದಳು ದಾವಲಬಿ. "ಎಂಜಿನ್ನಿಗೆ ಕಸುವು ಐತಿ. ಆ ಕಸುವು ಗಾಲಿಗೆ ಮುಟ್ಟೂದ್ರಾಗ ಎಲ್ಲೋ ಜಾರಾಕತ್ತೈತಿ."

ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟು ಸಮ ನೆಲಕ್ಕೆ ತಂದಳು. ಎಲ್ಲರನ್ನೂ ಇಳಿಸಿ ಗಾಲಿಗಳಿಗೆ ಕಲ್ಲು ಕೊಟ್ಟಳು. ಬ್ರೇಕು ಎಳೆದು, ದೊಡ್ಡ ಗೇರಿಗೆ ಹಾಕಿ, ಕ್ಲಚ್ಚಿನ ಪೆಡಲನ್ನು ನಿಧಾನವಾಗಿ ಬಿಟ್ಟಳು. ಹಾಗೆ ಕಟ್ಟಿಹಾಕಿದಾಗ ಕ್ಲಚ್ ಗಟ್ಟಿಯಿದ್ದರೆ ಎಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ಅದು ನಿಲ್ಲದೆ ಗುರ್ ಅನ್ನುತ್ತಲೇ ಇತ್ತು. ಕಾಲಡಿಯ ಹಲಗೆ ತೆಗೆದು ಕೈಯಿಟ್ಟಳು. ಆ ಕಾಲದ ಕ್ಲಚ್ಚಿಗೆ ತೊಗಲಿನ ಪಟ್ಟಿ ಹೊದಿಸುತ್ತಿದ್ದರು. ತೊಗಲು ಕಬ್ಬಿಣವನ್ನು ಬಿಗಿಯಾಗಿ ಹಿಡಿದರೆ ಗಾಲಿ ತಿರುಗುವುದು. ಬೆರಳಿಗೆ ಎಣ್ಣೆ ಹತ್ತಿತು. ಜಾರುವುದಕ್ಕೆ ಕಾರಣ ಸಿಕ್ಕಿತು ಅಂತ ಅವಳು ಒಣ ಜೇಡಿಮಣ್ಣನ್ನು ಪುಡಿಮಾಡಿ ಉದುರಿಸಿದಳು. ಮಣ್ಣು ಎಣ್ಣೆ ಹೀರಿತು, ಗಾಡಿ ದಿನ್ನೆ ಏರಿತು. ಮಕ್ಕಳು ಕೂಗಿ ಕುಣಿದರಂತೆ.

ಮರುದಿನ ಮತ್ತೆ ಜಾರಿತು. ಈ ಸಲ ಸುಟ್ಟ ತೊಗಲಿನ ವಾಸನೆಯೂ ಬಂತು. ಜೊತೆಗಿದ್ದ ಗಂಡಸರು ಹೆಗಲು ಕೊಟ್ಟು ದಿನ್ನೆಯ ತಲೆಗೆ ನೂಕಿದರು. ದಾವಲಬಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಎಣ್ಣೆ ಒರೆಸಿದ್ದಳು, ಎಲ್ಲಿಂದ ಬರುತ್ತಿದೆ ಅಂತ ನೋಡಿರಲಿಲ್ಲ. ಸೂಜಿ ಮುಗಿಸಿ ಊರಿಗೆ ಬಂದವಳೇ ತಾಯಂದಿರನ್ನು ಕರೆದು ನೇರವಾಗಿ ಹೇಳಿದಳು.

"ನಾಳೆ ಈ ಗಾಡಿ ಹತ್ತಂಗಿಲ್ಲ. ಮಕ್ಕಳನ್ನ ನೀವು ಹೊತ್ತು ದಾಟಸ್ರಿ. ಕರಕೊಂಡು ಬರಾಕ ನಾ ಬರ್ತೀನಿ."

"ಬರದಿದ್ರ?" ಅಂದಳು ಒಬ್ಬ ತಾಯಿ.

"ಬರ್ತೀನಿ," ಅಂದಳು ದಾವಲಬಿ.

ಬೆಳಕು ಹರಿಯುವಾಗ ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೊರಟರು. ದಾವಲಬಿ ಸೆರಗು ಬಿಗಿದು ಗಾಡಿಯ ಕೆಳಗೆ ಹೊಕ್ಕಳು. ಕ್ಲಚ್ಚನ್ನು ಬಿಚ್ಚಿ ಹೊರತೆಗೆದಾಗ ಎಂಜಿನ್ನಿನ ಹಿಂಬದಿಯಿಂದ ಎಣ್ಣೆ ಜಿನುಗುವುದು ಕಂಡಿತು. ತೊಗಲಂತೂ ಸವೆದು, ಸುಟ್ಟು, ಹಪ್ಪಳವಾಗಿತ್ತು. ಕಂಬಳಿಯ ತುಂಡನ್ನು ಬಳೆಯ ಹಾಗೆ ಕತ್ತರಿಸಿ ಎಣ್ಣೆಯ ದಾರಿಗೆ ಬಿಗಿದಳು. ತೊಗಲಿಗೇನು ಮಾಡುವುದು? ತೊಗಲ ಕೆಲಸದ ದುರಗಪ್ಪ ತನ್ನಲ್ಲಿದ್ದ ಚರ್ಮವನ್ನೆಲ್ಲ ತಂದು ಹರವಿದ. ಯಾವುದೂ ಅಷ್ಟು ದಪ್ಪವಿರಲಿಲ್ಲ.

ದಾವಲಬಿ ತನ್ನ ಚಪ್ಪಲಿಯನ್ನೇ ಕುಯ್ದಳು ಅಂತಾರೆ ಕೆಲವರು. ಹುಲಿಯ ಚರ್ಮ ಹಾಕಿದಳು ಅಂತಲೂ ಅಂತಾರೆ. ನಡೆದದ್ದು ಬೇರೆ. ಎತ್ತು ಕಟ್ಟಿ ಬಾವಿಯ ನೀರೆತ್ತಲು ಹೊನ್ನಪ್ಪ ದೊಡ್ಡ ತೊಗಲ ಚೀಲವೊಂದನ್ನು ಹೊಸದಾಗಿ ಮಾಡಿಸಿದ್ದ. ಇನ್ನೂ ನೀರು ಕಂಡಿರಲಿಲ್ಲ ಅದು. ಹಳೆಯದು ಹರಿದಿತ್ತು, ಮೆಣಸಿನ ಗಿಡ ಬಾಡುತ್ತಿತ್ತು. ದಾವಲಬಿ ಕೇಳಲು ಹೋಗಿ, ಬಾಡಿದ ಗಿಡ ನೋಡಿ ತಿರುಗಿ ಬಂದಳಂತೆ. ಹೊನ್ನಪ್ಪನೇ ಚೀಲ ತಂದು ದುರಗಪ್ಪನ ಮುಂದೆ ಹಾಕಿದ.

"ಕೊಯ್ಯೋ. ಗಿಡ ಮುಂದಿನ ವರ್ಷ ಹಚ್ಚೂಣು."

ದುರಗಪ್ಪ ಅಳೆದು ಕೊಯ್ದ, ಅಂಚು ಹೆರೆದ. ತಾಮ್ರದ ಮೊಳೆಗಳ ತಲೆ ತೊಗಲಿನೊಳಗೆ ಹುದುಗುವ ಹಾಗೆ ಇಬ್ಬರೂ ಬಡಿದರು. ಒಂದು ಮೊಳೆ ಮೇಲೆದ್ದಿತು ಅಂತ ದಾವಲಬಿ ಪಟ್ಟಿಯನ್ನೇ ಕಿತ್ತು ಮತ್ತೆ ಕೂರಿಸಿದಳು. ಬೆರಳು ಒಡೆದು ರಕ್ತ ಬಂದರೂ ನಿಲ್ಲಿಸಲಿಲ್ಲ. ಎಲ್ಲ ಜೋಡಿಸಿ, ಗಾಲಿಗೆ ಕಲ್ಲು ಕೊಟ್ಟು, ಬ್ರೇಕು ಎಳೆದು ಪೆಡಲ್ ಬಿಟ್ಟಳು. ಎಂಜಿನ್ ಗಕ್ಕನೆ ನಿಂತಿತು. ಗಾಡಿ ಕೆಟ್ಟಿತು ಅಂತ ತಾಯಂದಿರು ಅತ್ತರಂತೆ. ದಾವಲಬಿ ಮೊದಲ ಸಲ ನಕ್ಕಳು.

ಅತ್ತ ದವಾಖಾನೆಯ ಕಟ್ಟೆಯ ಮೇಲೆ ಅಪ್ಪಂದಿರು ಕಾದಿದ್ದರು. ಮಕ್ಕಳ ಹೊಟ್ಟೆ ಸೂಜಿಯಿಂದ ಬಾತಿತ್ತು. ಹೊತ್ತು ಇಳಿಯತೊಡಗಿತು. ನಡೆದೇ ಹೋಗೋಣ ಅಂತ ಎದ್ದಾಗ ಗೂಳಿದಿನ್ನೆಯ ತಲೆಯ ಮೇಲೆ ಧೂಳೆದ್ದಿತು. ಧೂಳಿನ ಹಿಂದೆ ಮೋಟಾರು, ಮೋಟಾರಿನಲ್ಲಿ ದಾವಲಬಿ. ಅವಳಿಗಾಗಿ ದಿನ್ನೆಯೇ ಬೆನ್ನು ಬಗ್ಗಿಸಿತು ಅಂತಾರೆ. ಸೂಜಿಗಳು ಮುಗಿಯುವ ತನಕ ಗಾಡಿ ಮತ್ತೆ ಜಾರಲಿಲ್ಲ. ಐದೂ ಮಕ್ಕಳು ಬದುಕಿದರು, ಹೊನ್ನಪ್ಪನ ಮೊಮ್ಮಗಳು ಮರಿಮಕ್ಕಳನ್ನೂ ಕಂಡಳು.

ದಾವಲಬಿ ಹೋಗಿ ಎಷ್ಟೋ ಕಾಲವಾಯಿತು. ಮೋಟಾರೂ ಮಣ್ಣಾಯಿತು. ಇವತ್ತಿಗೂ ಗೂಳಿದಿನ್ನೆಯಲ್ಲಿ ನಡೆದು ಹೋಗುವವರನ್ನು ಹತ್ತಿಸಿಕೊಳ್ಳದೆ ಯಾವ ಗಾಡಿಯೂ ಏರುವುದಿಲ್ಲ. ಟ್ರ್ಯಾಕ್ಟರಾಗಲಿ, ಟೆಂಪೋ ಆಗಲಿ, ಮದುವೆಯ ಕಾರಾಗಲಿ, ನಿಲ್ಲಲೇಬೇಕು. ಬಿಸಿಲಲ್ಲಿ ಬೆವರುತ್ತ ನಿಂತವರು ಕೈ ಅಡ್ಡ ಹಿಡಿದು, "ದಾವಲಬಿ ಸೀಟು ಐತೇನ್ರೀ?" ಅಂತ ಕೇಳುತ್ತಾರೆ. ಡ್ರೈವರ್ ಎರಡನೇ ಮಾತಾಡದೆ ಪಕ್ಕದ ಚೀಲ ಸರಿಸುತ್ತಾನೆ.