ನೀರುಗಂಟಿಯ ನಿದ್ದೆ

"ಗುರುಗಳೇ, ಕಲ್ಲು ಹೋದರೂ ನೆಮ್ಮದಿ ಏಕೆ ಬರಲಿಲ್ಲ?" ಎಂದು ಶಿಷ್ಯ ಕರಿಬಸಯ್ಯ ಕೇಳಿದ.

ಮೂತ್ರನಾಳದಲ್ಲಿ ಸಿಕ್ಕಿಕೊಂಡಿದ್ದ ಕಲ್ಲನ್ನು ವೈದ್ಯರು ತೆಗೆದು ನಾಲ್ಕು ದಿನವಾಗಿತ್ತು. ಒಳಗಿನ ಬಾವು ಇಳಿಯುವವರೆಗೆ ಇರಲಿ ಎಂದು ಸಣ್ಣ ನಳಿಗೆಯೊಂದನ್ನು ಅಲ್ಲೇ ಬಿಟ್ಟಿದ್ದರು. "ಉರಿ, ಸೆಳೆತ. ಮಲಗಿದರೆ ಮತ್ತೆ ಏಳಬೇಕು. ಇನ್ನೂ ಹತ್ತು ದಿನ ತಡೆದುಕೋ ಎನ್ನುತ್ತಾರೆ. ನನ್ನಿಂದಾಗದು. ನಾಳೆಯೇ ಹೋಗಿ, ಜಗಳವಾಡಿಯಾದರೂ ಆ ನಳಿಗೆ ತೆಗೆಸಿಬಿಡುತ್ತೇನೆ."

"ಜಗಳ ನಾಳೆ ತಾನೆ? ಇವತ್ತು ಕತೆ ಕೇಳು," ಎಂದರು ಗುರುಗಳು.

ಒಂದೂರಿನಲ್ಲಿ ಒಬ್ಬ ನೀರುಗಂಟಿಯಿದ್ದ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಅವನಿಗೂ ನಿನ್ನಂತೆಯೇ ಕಲ್ಲಾಯಿತು, ನಿನ್ನಂತೆಯೇ ನಳಿಗೆ ಹಾಕಿದರು. ಮನೆಗೆ ಬಂದವನು ನೀರು ಕುಡಿಯುವುದನ್ನೇ ಬಿಟ್ಟ. ತೂಬು ರಿಪೇರಿಯಾದರೆ ಹೊಸ ಗಾರೆ ಗಟ್ಟಿಯಾಗುವವರೆಗೆ ನೀರು ಹರಿಸಬಾರದು. ಮೂವತ್ತು ವರ್ಷ ಅವನು ಪಾಲಿಸಿದ ನಿಯಮ ಅದು. ಹೊಟ್ಟೆಯೊಳಗೂ ಹಾಗೆಯೇ ಎಂದುಕೊಂಡ. ಬಹಳ ಬುದ್ಧಿವಂತ, ಪಾಪ. ಎರಡೇ ದಿನಕ್ಕೆ ಮೂತ್ರ ಕೆಂಡದಂತೆ ಸುಡತೊಡಗಿತು.

ಹೆಂಡತಿಗೆ ಗೊತ್ತಾಗಿ ರೇಗಿದಳು. "ಹಗಲೆಲ್ಲ ಚೆನ್ನಾಗಿ ನೀರು ಕುಡೀರಿ, ಮಲಗೋ ಮುಂಚೆ ಕಮ್ಮಿ ಮಾಡಿ ಅಂತ ಡಾಕ್ಟ್ರು ಬಿಡಿಸಿ ಬಿಡಿಸಿ ಹೇಳಿದ್ರು. ನಿಮ್ಮ ಹೊಟ್ಟೆಗೆ ಯಾವ ಮೇಸ್ತ್ರಿ ಬಂದು ಗಾರೆ ಬಳಿದ್ನೋ!" ಎಂದು ಚೊಂಬನ್ನು ಮುಂದೆ ಕುಕ್ಕಿದಳು.

ಅವನು ತೆಪ್ಪಗೆ ಕುಡಿದ. ದಿನ ಕಳೆದಂತೆ ಉರಿ ತಗ್ಗಿತು. ಆದರೆ ನಳಿಗೆ ಒಳಗಿತ್ತಲ್ಲ, ರಾತ್ರಿ ಮೂರು ನಾಲ್ಕು ಸಲ ಏಳುವುದು ತಪ್ಪಲಿಲ್ಲ. ಎದ್ದಾಗಲೆಲ್ಲ "ಈ ರಾತ್ರಿಯೂ ಹಾಳಾಯಿತು" ಎಂದು ಗೊಣಗುತ್ತ ಹಾಸಿಗೆಯ ಮೇಲೆ ಕೂತುಬಿಡುತ್ತಿದ್ದ. ಏಳಿಸಿದ್ದು ನಳಿಗೆ, ಕೂರಿಸಿದ್ದು ಸಿಟ್ಟು.

ಒಂದು ಬೆಳಿಗ್ಗೆ ಒಬ್ಬ ರೈತ ದೂರು ಹೊತ್ತು ಬಂದ. "ಏನಣ್ಣ, ನಿನ್ನ ಬದಲಿಗೆ ಬಂದೋನು ನನ್ನ ಗದ್ದೆ ನೀರನ್ನ ಆಗಾಗ ನಿಲ್ಲಿಸ್ತಾನೇ ಇರ್ತಾನೆ. ಹಿಂಗಾದ್ರೆ ಬೆಳೆಯೋದು ಹೆಂಗೆ?"

"ಸರದಿ ನೀರು ಅಂದ್ರೆ ಹಂಗೇ ಕಣಪ್ಪ, ಬರತ್ತೆ, ನಿಲ್ಲತ್ತೆ, ಮತ್ತೆ ಬರತ್ತೆ. ಪೈರು ಬಾಡಿದೆಯಾ, ಅದನ್ನ ಹೇಳು."

ರೈತ ತಲೆ ಕೆರೆದುಕೊಂಡ. "ಪೈರೇನೋ ಚೆನ್ನಾಗೇ ಐತೆ."

ರೈತ ಹೋದ ಮೇಲೆ ನೀರುಗಂಟಿ ತನ್ನಷ್ಟಕ್ಕೇ ನಕ್ಕ. ಅಂದಿನಿಂದ ಎದ್ದರೆ ಎದ್ದ, ಹೋಗಿ ಬಂದು ಮತ್ತೆ ಮಗ್ಗುಲಾದ. ರಾತ್ರಿಯ ಜೊತೆ ವಾದಕ್ಕೆ ಕೂರಲಿಲ್ಲ. ಹೇಳಿದ ದಿನಕ್ಕೆ ವೈದ್ಯರು ನಳಿಗೆ ತೆಗೆದರು.

ಗುರುಗಳು ಕತೆ ಮುಗಿಸಿದರು. ಕರಿಬಸಯ್ಯನಿಗೆ ಸಮಾಧಾನವಾಗಲಿಲ್ಲ.

"ಅವನ ಪುಣ್ಯ, ಸರದಿಯಲ್ಲಾದರೂ ನಿದ್ದೆ ಬಂತು. ನನಗೆ ಬರುವುದೇ ಇಲ್ಲ ಗುರುಗಳೇ. ನಿನ್ನೆ ಒಂದೇ ರಾತ್ರಿ ಐದು ಸಲ ಎಚ್ಚರವಾಯಿತು!"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ನಿದ್ದೆಯೇ ಬರದವನಿಗೆ ಐದು ಸಲ ಎಚ್ಚರವಾಗುವುದು ಹೇಗಯ್ಯಾ?"