ಪಳಗಿದ ಹೋರಿ, ಪಳಗದ ಮೂಡ್ಲಗಿರಿ

ನಗೋರು ಮುಂದಕ್ಕೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಒಂದೂರಲ್ಲಿ ಲಕ್ಕವ್ವ ಅಂತ ಒಬ್ಬಳಿದ್ದಳು. ಅವಳಿಗೆ ಮೂಡ್ಲಗಿರಿ ಅಂತ ಒಬ್ಬನೇ ಮಗ. ಆಳು ನೋಡಿದರೆ ಆನೆಯಂಥವನು. ಬುದ್ಧಿ ನೋಡಿದರೆ... ಬೇಡ ಬಿಡಿ, ಹೆತ್ತವಳ ಮುಂದೆ ಹೇಳಬಾರದು. ಅವ್ವ ಹೇಳಿದ್ದನ್ನು ಒಂದು ಚೂರೂ ಬಿಡದೆ ಮಾಡುತ್ತಿದ್ದ. ಅವಳ ಸಂಕಟವೇ ಅದು.

ಲಕ್ಕವ್ವನ ಅಣ್ಣ ದ್ಯಾವಣ್ಣನಿಗೆ ಹೊಂಬಾಳೆ ಅಂತ ಮಗಳು. ಲಕ್ಕವ್ವ ಹೆಣ್ಣು ಕೇಳಿದಳು. ದ್ಯಾವಣ್ಣ ಮೀಸೆ ತಿರುವಿದ.

"ಹೋರಿ ಹಗ್ಗ ಹಿಡಿಯಾಕೆ ಬರದೋನು ಸಂಸಾರ ಏನು ಮಾಡಾನು? ನಿಮ್ಮ ಬಿಳಿ ಹೋರೀನ ಅವನೇ ಪಳಗಿಸ್ಲಿ, ದನಗಳ ಪರಿಷೇಲಿ ಗೆಲ್ಲಿಸ್ಲಿ. ಅವತ್ತೇ ಮಗಳನ್ನ ಕೊಡ್ತೀನಿ!"

"ಗೆಲ್ಲಿಸೇ ಗೆಲ್ಲಿಸ್ತಾನೆ!" ಅಂತ ಲಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೂಡ್ಲಗಿರಿಯೂ ಪಣ ತೊಟ್ಟ. ಹೊಂಬಾಳೆ ಅಂದರೆ ಅವನಿಗೆ ಪ್ರಾಣ.

ಮೊದಲ ದಿನ ಅವ್ವ ಹೇಳಿದಳು, "ಮಗಾ, ಹೋರೀನ ನಡೆಸ್ಕೊಂಡು ಬಾ. ಏನೇ ಆಗ್ಲಿ, ಹಗ್ಗ ಬಿಡಬ್ಯಾಡ!"

"ಆಯ್ತು ಕನವ್ವ!"

ಹೋರಿ ಬೇಲಿ ಹಾರಿತು, ಇವನೂ ಹಾರಿದ. ಹೋರಿ ಕೆಸರಿಗೆ ಬಿತ್ತು, ಇವನೂ ಬಿದ್ದ. ಹೋರಿ ಕೆರೆಗಿಳಿದು ಕುತ್ತಿಗೆವರೆಗೆ ನೀರಲ್ಲಿ ನಿಂತಿತು, ಇವನೂ ಹಗ್ಗ ಹಿಡಿದು ಸಂಜೆವರೆಗೆ ನಿಂತ.

"ಅಯ್ಯೋ ಪೆದ್ದ ಮುಂಡೇದೇ! ಜಗ್ಗಾಡಿದ್ರೆ ಮರಕ್ಕೆ ಸುತ್ತಿ ಕಟ್ಟಾಕಬೇಕು ಕನ್ಲಾ! ತೆಪ್ಪಗಾಗೋಗಂಟ ಬಿಚ್ಚಬಾರದು!"

"ಹಂಗೇ ಮಾಡ್ತೀನಿ ಕನವ್ವ!"

ಮಾರನೆಯ ದಿನ ದ್ಯಾವಣ್ಣ ಬಂದ. ಲಕ್ಕವ್ವ ಹೊಲದಲ್ಲಿದ್ದಳು. "ನಿಮ್ಮವ್ವ ಇಲ್ವಾ? ಹಂಗಾರೆ ಇನ್ನೊಂದಿನ ಬತ್ತೀನಿ" ಅಂತ ತಿರುಗಿದ. ಮೂಡ್ಲಗಿರಿ ಅವನ ತೋಳು ಹಿಡಿದ.

"ಇರು ಮಾವ!"

"ಬಿಡ್ಲಾ!" ಅಂತ ಮಾವ ಜಗ್ಗಿದ.

ಜಗ್ಗಾಡಿದ ಅಲ್ಲವೇ? ಹಗ್ಗ ತಂದು ಹುಣಸೆಮರಕ್ಕೆ ಸುತ್ತಿ ಕಟ್ಟಿಯೇಬಿಟ್ಟ. ಮಾವ ಬೈದ ಹಾಗೆಲ್ಲ, "ಇನ್ನೂ ತೆಪ್ಪಗಾಗಿಲ್ಲ" ಅಂತ ಮತ್ತೊಂದು ಸುತ್ತು ಸುತ್ತಿದ.

ಲಕ್ಕವ್ವ ಓಡಿ ಬಂದು ಬಿಚ್ಚಿದಳು, ಅಣ್ಣನ ಕಾಲಿಗೆ ಬಿದ್ದಳು, ಮಗನ ತಲೆಗೆ ಮೊಟಕಿದಳು. "ಥೂ ನಿನ್ನ! ಮನೆಗೆ ಬಂದೋರ್ನ ಮಣೆ ಮ್ಯಾಲೆ ಕೂರಿಸಿ ಉಣ್ಣಾಕಿಕ್ಕಬೇಕು! ಸಾಕು ಅಂತ ತಲೆ ಆಡಿಸಿದ್ರೂ ಬಿಡದೆ ಬಡಿಸ್ಬೇಕು!"

"ಹಂಗೇ ಮಾಡ್ತೀನಿ ಕನವ್ವ!"

ಸಂಜೆ ಹೋರಿ ಮೇಯ್ದು ಮನೆಗೆ ಬಂತು. ಮೂಡ್ಲಗಿರಿ ಮಣೆ ಹಾಕಿದ. "ಕುಂತ್ಕೊ, ಕುಂತ್ಕೊ" ಅಂತ ಬೆನ್ನು ಅದುಮಿದ. ಹೋರಿ ಕೂರಲಿಲ್ಲ. ಹೋಗಲಿ ಅಂತ ಬೇಯಿಸಿದ ಹುರುಳಿ ಇಕ್ಕಿದ. ಹೋರಿ ನೊಣಕ್ಕೆ ತಲೆ ಆಡಿಸಿತು. "ನಾಚ್ಕೊಬ್ಯಾಡ, ಉಣ್ಣು!" ಅಂತ ಮತ್ತೆ ಬಡಿಸಿದ. ತಲೆ ಆಡಿಸಿತು, ಬಡಿಸಿದ. ಗಡಿಗೆ ಬರಿದಾಯಿತು, ಹೋರಿಯ ಹೊಟ್ಟೆ ನಗಾರಿಯಾಯಿತು!

ಲಕ್ಕವ್ವ ಓಮದ ಕಷಾಯ ಕುಡಿಸಿ ಹೇಗೋ ಉಳಿಸಿಕೊಂಡಳು. "ಹೊಟ್ಟೆ ಉಬ್ಬಿದ್ದು ಕಂಡ್ರೆ ಬಾಯಿ ಬಿಡಿಸಿ ನೋಡ್ಬೇಕು ಕನ್ಲಾ! ಹೊಟ್ಟೆ ತಟ್ಟಬೇಕು! ಇಳಿಯೋಗಂಟ ನಡೆಸ್ಬೇಕು!"

ಅಂದಿನಿಂದ ಮೂಡ್ಲಗಿರಿ ಹೋರಿಯನ್ನು ನಡೆಸಿದ್ದೇ ನಡೆಸಿದ್ದು. ಕಾಲಿಗೆ ಬೊಬ್ಬೆ ಬಂದರೂ ಬಿಡಲಿಲ್ಲ. ಕೊನೆಗೆ ಹಗ್ಗವೇ ಬೇಕಾಗಲಿಲ್ಲ. ಅವನು ಹೋದಲ್ಲಿಗೆ ಹೋರಿಯೂ ಹಿಂದೆ ಹಿಂದೆ ಬರುತ್ತಿತ್ತು.

ಪರಿಷೆ ಬಂತು. ಕೊಂಬಿಗೆ ಎಣ್ಣೆ ಹಚ್ಚಿದ ಹೋರಿಗಳು ಸಾಲಾಗಿ ನಿಂತವು. ದ್ಯಾವಣ್ಣ, ಹೊಂಬಾಳೆ ಇಬ್ಬರೂ ನೋಡುತ್ತಿದ್ದರು. ತೀರ್ಪು ಹೇಳುವ ಯಜಮಾನರು ದೊಡ್ಡ ಹೊಟ್ಟೆ ಹೊತ್ತುಕೊಂಡು ಬಂದರು. ಮೂಡ್ಲಗಿರಿ ನೋಡಿದ. ಹೊಟ್ಟೆ ಉಬ್ಬಿದೆ! ಗಬಕ್ಕನೆ ಅವರ ಬಾಯಿ ಬಿಡಿಸಿ ಇಣುಕಿದ. ಡಬ್ ಡಬ್ ಅಂತ ಹೊಟ್ಟೆ ತಟ್ಟಿದ. ಆಮೇಲೆ ರಟ್ಟೆ ಹಿಡಿದು ಮೈದಾನದ ತುಂಬ ನಡೆಸಿದ.

"ಬಿಡೋ! ಬಿಡೋ!"

"ಇಳೀಲಿ ತಡೀರಿ ಸ್ವಾಮಿ!"

ಹಿಂದೆಯೇ ಹೋರಿ ಹೊರಟಿತು. ಹಗ್ಗ ಹಿಡಿದವರಿಲ್ಲ, ಕೋಲು ಎತ್ತಿದವರಿಲ್ಲ. ಕತ್ತೆತ್ತಿಕೊಂಡು ಗತ್ತಿನಿಂದ ಹೆಜ್ಜೆ ಹಾಕಿತು. ಜನ ಕೇಕೆ ಹೊಡೆದರು. ಯಜಮಾನರು ಏದುಸಿರು ಬಿಡುತ್ತಾ ಹೇಳಿದರು, "ಇಂಥ ಪಳಗಿದ ಹೋರೀನ ನಾನು ಕಂಡಿಲ್ಲ. ಹೋರಿಗೆ ಬಹುಮಾನ ಕೊಡಿ. ಇವನನ್ನ ದೊಡ್ಡಿಗೆ ಹಾಕಿ!"

ಲಕ್ಕವ್ವ ಕಣ್ಣೀರು ಒರೆಸಿಕೊಳ್ಳುತ್ತಲೇ ಬೈದಳು. "ದೊಡ್ಡೋರ ಬಾಯಿಗೆ ಕೈ ಹಾಕ್ತಾರೇನ್ಲಾ? ಯಾರಾದ್ರೂ ಹತ್ರ ಬಂದ್ರೆ ತೆಪ್ಪಗೆ ನಿಂತು 'ಊಂ' ಅನ್ಬೇಕು!"

"ಹಂಗೇ ಮಾಡ್ತೀನಿ ಕನವ್ವ!"

ಅಷ್ಟರಲ್ಲಿ ಒಬ್ಬ ದಲ್ಲಾಳಿ ಬಂದ. ಪರಿಷೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ ನೋಡಿ, ಟವಲ್ಲಿನ ಅಡಿ ಬೆರಳು ಹಿಡಿದೇ ವ್ಯಾಪಾರ. ಅವನು ಮೂಡ್ಲಗಿರಿಯ ಕೈಮೇಲೆ ಟವಲ್ಲು ಹಾಕಿ ಬೆರಳು ಅದುಮಿದ.

"ಇಷ್ಟಕ್ಕೆ ಆಯ್ತಾ?"

"ಊಂ."

"ಹೋರಿ ಹೊಡ್ಕೊಂಡು ಹೋಗ್ಲಾ?"

"ಊಂ."

ಲಕ್ಕವ್ವ ಹಾರಿ ಬಂದು ಟವಲ್ಲು ಕಿತ್ತೆಸೆದಳು. "ಬಟ್ಟೆ ಅಡಿ ಕೈ ಕೊಟ್ರೆ ಹೋರಿ ಮಾರಿದಂಗೆ ಕನ್ಲಾ! ಇನ್ಯಾರಾದ್ರೂ ಬಟ್ಟೆ ಹಿಡ್ಕೊಂಡು ಕೈ ಹಿಡಿಯಾಕೆ ಬಂದ್ರೆ 'ಕೊಡಾಕಿಲ್ಲ' ಅಂತ ಕೂಗು, ಹೋರಿ ಹೊಡ್ಕೊಂಡು ಓಡು! ಯಾರು ಕರೆದ್ರೂ ನಿಲ್ಲಬ್ಯಾಡ! ನಾನು ಕರೆದ್ರೂ ನಿಲ್ಲಬ್ಯಾಡ!"

"ಹಂಗೇ ಮಾಡ್ತೀನಿ ಕನವ್ವ!"

ಆಗ ಬಂದ ದ್ಯಾವಣ್ಣ. ಮುಖದ ತುಂಬ ನಗು, ಕೈಯಲ್ಲಿ ಅಳಿಯನಿಗೆ ಹೊದಿಸಲು ಹೊಸ ಶಲ್ಯ. ಪಕ್ಕದಲ್ಲಿ ತಲೆ ತಗ್ಗಿಸಿದ ಹೊಂಬಾಳೆ.

"ಭಲೇ ಅಳಿಯ! ಆಡಿದ ಮಾತಿಗೆ ತಪ್ಪಾಕಿಲ್ಲ ನಾನು. ತತ್ತಾ ಕೈ!"

"ಕೊಡಾಕಿಲ್ಲ!"

ಮೂಡ್ಲಗಿರಿ ಓಟ ಕಿತ್ತ. ಹಿಂದೆ ಹೋರಿ. ಶಲ್ಯ ಮಣ್ಣಿಗೆ ಬಿತ್ತು, ಮಾವ ಬಾಯಿ ಬಿಟ್ಟುಕೊಂಡು ನಿಂತ.

"ನಿಂತ್ಕೊಳ್ಲಾ! ಅವನು ನಿಮ್ಮಾವ ಕನ್ಲಾ!" ಲಕ್ಕವ್ವ ಎದೆ ಬಡಿದುಕೊಂಡು ಕೂಗಿದಳು.

ಅವ್ವ ಕರೆದರೂ ನಿಲ್ಲಬಾರದು ಅಂತ ಅವ್ವನೇ ಹೇಳಿದ್ದಳಲ್ಲ! ಇನ್ನೂ ಜೋರಾಗಿ ಓಡಿದ.

ಹೊಂಬಾಳೆ ಸುಮ್ಮನಿರುವವಳಲ್ಲ. ಶಲ್ಯ ಎತ್ತಿಕೊಂಡಳು, ಸೀರೆ ನೆರಿಗೆ ಎತ್ತಿ ಕಟ್ಟಿದಳು, ಬೆನ್ನು ಹತ್ತಿದಳು. "ನಿಂತ್ಕೊ! ನಿನ್ನ ಕೈ ಹಿಡೀದೆ ನಾನು ಮನೆಗೋಗಾಕಿಲ್ಲ!"

ಮೂಡ್ಲಗಿರಿ ತಿರುಗಿ ನೋಡಿದ. ಪ್ರಾಣದಂಥ ಹೊಂಬಾಳೆ. ಕೈಯಲ್ಲಿ ಬಟ್ಟೆ!

"ಅಯ್ಯಯ್ಯೋ, ನೀನೂ ದಲ್ಲಾಳಿ ಆದ್ಯಾ! ನಿಂಗೂ ಕೊಡಾಕಿಲ್ಲ ಹೋಗೇ!"

ಮುಂದೆ ಮೂಡ್ಲಗಿರಿ, ಹಿಂದೆ ಹೋರಿ, ಅದರ ಹಿಂದೆ ಹೊಂಬಾಳೆ. ಇನ್ನೂ ಓಡ್ತಾನೇ ಇದ್ದಾರಂತೆ. ನಿಮ್ಮೂರ ಕಡೆ ಬಂದರೆ, ಹೆಗಲ ಮೇಲಿನ ಟವಲ್ಲು ಮೊದಲು ಬಚ್ಚಿಟ್ಟುಕೊಳ್ಳಿ.