ನವಿಲಿನ ಮುರಿದ ಕಾಲು

ಒಂದು ಕಾಡಿನಲ್ಲಿ ದ್ಯಾವಕ್ಕ ಎಂಬ ಹಂದಿ ಗಾಡಿ ಎಳೆದು ಬದುಕುತ್ತಿದ್ದಳು. ಆ ಕಾಡಿನಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಗಾಡಿಯವರೆಲ್ಲ ಪ್ರತಿ ಹೇರಿನಿಂದ ಒಂದು ಹಿಡಿ ಕಾಳನ್ನು ಕಾಡಿನ ಕಣಜಕ್ಕೆ ಹಾಕಬೇಕು. ಗಾಡಿಗೆ ಸಿಕ್ಕಿ ಯಾರಿಗಾದರೂ ಪೆಟ್ಟಾದರೆ, ವಾಸಿಯಾಗುವ ತನಕ ಅವರ ಊಟ ಆ ಕಣಜದಿಂದ. ಪೆಟ್ಟು ಮಾಡಿದವರ ಗಾಡಿ ಮಾತ್ರ ಮತ್ತೆ ದಾರಿಗೆ ಇಳಿಯುವಂತಿಲ್ಲ.

ಬೇಸಿಗೆಯ ಒಂದು ದಿನ ದ್ಯಾವಕ್ಕ ಗಾಡಿ ನಿಲ್ಲಿಸಿ ಹಳ್ಳದಲ್ಲಿ ನೀರು ಕುಡಿದು ಬಂದಳು. ನೋಡಿದರೆ ಚಕ್ರದ ಪಕ್ಕದಲ್ಲಿ ರಂಗಪ್ಪ ಎಂಬ ನವಿಲು ಅಂಗಾತ ಬಿದ್ದಿದ್ದಾನೆ!

"ಅಯ್ಯೋ, ಸತ್ತೆ! ಕಾಲ ಮೇಲೆ ಗಾಡಿ ಹತ್ತಿಸಿಬಿಟ್ಟಳು!"

"ನಿಂತ ಗಾಡಿ ಹೆಂಗಪ್ಪಾ ಹತ್ತುತ್ತೆ?" ಎಂದಳು ದ್ಯಾವಕ್ಕ.

ಅಷ್ಟರಲ್ಲಿ ನಾಟಿ ವೈದ್ಯ ನರಿ ಕರೆದಂತೆ ಹಾಜರಾದ. ಕಾಲಿಗೆ ಸೊಪ್ಪಿಟ್ಟು, ನಾರು ಸುತ್ತಿ, "ಮೂಳೆ ಪುಡಿಪುಡಿ. ಮುಂದಿನ ಬೇಸಿಗೆವರೆಗೂ ಕಾಲೂರೋ ಹಾಗಿಲ್ಲ" ಎಂದ. ಸಿಗುವ ಕಾಳಿನಲ್ಲಿ ಅವನಿಗೆ ಅರ್ಧ ಪಾಲು ಎಂದು ಮೊದಲೇ ಮಾತಾಗಿತ್ತು.

ಮೊಲ, ಕಡವೆ, ಮುಂಗುಸಿ ಎಲ್ಲರೂ ದ್ಯಾವಕ್ಕನಿಗೆ ಬುದ್ಧಿ ಹೇಳಲು ಬಂದರು. "ಒಪ್ಪಿಕೊಂಡುಬಿಡಕ್ಕ. ಕಾಳು ಹೋಗೋದು ಕಣಜದಿಂದ ತಾನೇ? ಸುಮ್ಮನೆ ಯಾಕೆ ಜಗಳ?"

ದ್ಯಾವಕ್ಕನಿಗೆ ರೇಗಿಹೋಯಿತು. "ಗಾಡಿ ಹೋದರೆ ನನ್ನ ಹೊಟ್ಟೆಗೇನು, ಮಣ್ಣಾ? ಮಾಡದ ತಪ್ಪನ್ನ ಒಪ್ಪಿಕೊಳ್ಳೋಳಲ್ಲ ನಾನು. ಅವನಿಗೆ ಒಂದು ಕಾಳೂ ಸಿಗಬಾರದು!"

ಪಂಚಾಯ್ತಿ ಸೇರಿತು. ಆನೆಯಜ್ಜ ಇಬ್ಬರ ಮಾತನ್ನೂ ಕೇಳಿದ. ನರಿ ಎಲ್ಲರೆದುರು ಮತ್ತೆ ಹೇಳಿದ, "ಮುಂದಿನ ಬೇಸಿಗೆವರೆಗೂ ಕಾಲೂರೋ ಹಾಗಿಲ್ಲ."

"ಹಂಗಾದರೆ ಅಜ್ಜಾ, ನಂದು ಒಂದೇ ಬೇಡಿಕೆ" ಎಂದಳು ದ್ಯಾವಕ್ಕ. "ಮಳೆಗಾಲದ ಮೊದಲ ಮೋಡ ಕವಿದ ದಿನ, ಬೋಳುಗುಡ್ಡದ ಮೇಲೆ ತೀರ್ಪು ಹೇಳು. ಅಲ್ಲಿವರೆಗೂ ಗಾಡಿ ಮುಟ್ಟಲ್ಲ."

"ಆಗಲಿ, ಅಲ್ಲಿವರೆಗೂ ನವಿಲಿಗೆ ಕಣಜದಿಂದ ಊಟ" ಎಂದ ಅಜ್ಜ. ನವಿಲಿಗೂ ಖುಷಿಯೇ. ತೀರ್ಪು ತಡವಾದಷ್ಟೂ ಕೂತಲ್ಲೇ ಊಟ ಬರುತ್ತದಲ್ಲ!

ಮೋಡ ಕವಿದ ದಿನ ಎಲ್ಲರೂ ಗುಡ್ಡ ಹತ್ತಿದರು. ನವಿಲನ್ನು ಹೊತ್ತು ತಂದು ಬಂಡೆಯ ಮೇಲೆ ಕೂರಿಸಿದರು. ತಂಗಾಳಿ ಬೀಸಿತು. ನವಿಲಿನ ಕತ್ತು ನೆಟ್ಟಗಾಯಿತು. ದೂರದಲ್ಲಿ ಗುಡುಗಿತು. ಅವನ ಗರಿಗಳು ನಡುಗಿದವು.

"ಲೋ, ತಡ್ಕೊಳೋ!" ಎಂದು ನರಿ ಹಲ್ಲು ಕಚ್ಚಿ ಪಿಸುಗುಟ್ಟಿದ.

ಮೋಡ ಕಂಡ ನವಿಲು ತಡೆದುಕೊಳ್ಳುವುದುಂಟೆ? ಮತ್ತೊಮ್ಮೆ ಗುಡುಗಿದ್ದೇ ತಡ, ರಂಗಪ್ಪ ಗರಿ ಬಿಚ್ಚಿ ಬಂಡೆಯಿಂದ ಕೆಳಗೆ ಹಾರಿದ. ಥಕಥಕ ಕುಣಿದ. ಸೊಪ್ಪು ಒಂದು ಕಡೆ, ನಾರು ಒಂದು ಕಡೆ ಹಾರಿಬಿತ್ತು. ಮೈಮರೆತು ಕುಣಿದು ಕುಣಿದು ಕಣ್ಣು ಬಿಟ್ಟರೆ, ಎದುರಿಗೆ ಆನೆಯಜ್ಜ!

ನರಿ ಮೆಲ್ಲಗೆ ಜಾರುತ್ತಿದ್ದ. ಅಜ್ಜ ಸೊಂಡಿಲಿನಲ್ಲಿ ಅವನ ಬಾಲ ಹಿಡಿದ. "ತಿಂದ ಕಾಳೆಲ್ಲ ಇಬ್ಬರೂ ದುಡಿದು ಕಣಜಕ್ಕೆ ತುಂಬಿಸಿ. ದ್ಯಾವಕ್ಕ, ಗಾಡಿ ನಿನ್ನದೇ, ದಾರೀನೂ ನಿನ್ನದೇ."

ಮೊಲ, ಕಡವೆ, ಮುಂಗುಸಿ ನಗುನಗುತ್ತಾ ಓಡಿಬಂದರು. "ಗೆದ್ದೆವಲ್ಲಕ್ಕ! ಬಾ, ಗಾಡಿಗೆ ನಾವೂ ಕೈ ಹಾಕ್ತೀವಿ."

"ಗಾಡಿ ಎಳೆಯೋಕೆ ನನಗೆ ಯಾವತ್ತೂ ಯಾರೂ ಬೇಕಾಗಿರಲಿಲ್ಲ" ಎಂದಳು ದ್ಯಾವಕ್ಕ, ನೊಗಕ್ಕೆ ಹೆಗಲು ಕೊಡುತ್ತಾ. "ಅವತ್ತು ಪಂಚಾಯ್ತೀಲಿ ನನ್ನ ಪಕ್ಕದಲ್ಲಿ ನಿಲ್ಲೋಕೆ ಒಬ್ಬರು ಬೇಕಾಗಿತ್ತು."

ನೀತಿ: ಮಾಡದ ತಪ್ಪನ್ನು ಯಾರ ಒತ್ತಾಯಕ್ಕೂ ಒಪ್ಪಿಕೊಳ್ಳಬೇಡಿ, ಸುಳ್ಳಿನ ಎದುರು ಒಬ್ಬರೇ ನಿಂತವರನ್ನು ಒಂಟಿಯಾಗಿ ಬಿಡಬೇಡಿ.